ಹೆಸರು ಬರೀಬೇಡ ಅಂದವರಿಗೆ

ಹೋದ ಭಾನುವಾರ, ಆಗಸ್ಟ್ 3ರಂದು, ಕೋಲು ಹಿಡಿಯದೆ ಚರ್ಚಿನ ಮೆಟ್ಟಿಲು ಹತ್ತಿದೆ. ಏಳೇ ಮೆಟ್ಟಿಲು. ಏಣಿಯಿಂದ ಬಿದ್ದದ್ದು ಫೆಬ್ರವರಿ 21ಕ್ಕೆ. ಲೆಕ್ಕ ಹಾಕಿದರೆ 163 ದಿನ. ಸಕಲೇಶಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಆಳುಗಳ ಹಾಜರಿ ಬರೆದು ಬರೆದು ಎಲ್ಲದಕ್ಕೂ ಲೆಕ್ಕ ಇಡುವ ಚಟ ಅಂಟಿದೆ.

ಬಿದ್ದದ್ದಕ್ಕೆ ಯಾರನ್ನೂ ದೂರುವ ಹಾಗಿಲ್ಲ. ನಮ್ಮದೇ ಮುಕ್ಕಾಲು ಎಕರೆ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಆಳು ಸಿಗಲಿಲ್ಲ ಅಂತ ನಾನೇ ಹತ್ತಿದೆ. ಏಣಿಯನ್ನು ಮರಕ್ಕೆ ಕಟ್ಟಿ ಹತ್ತಿ ಅಂತ ದಿನಾ ಬೈಯುವವನು ನಾನೇ. ಅವತ್ತು ಕಟ್ಟಿರಲಿಲ್ಲ. ಬಲತೊಡೆಯ ಮೂಳೆ ಎರಡು ತುಂಡು.

ಪಕ್ಕದ ತೋಟದವರು ಓಡಿ ಬಂದು, ಮೆಣಸು ಒಣಗಿಸುವ ಟಾರ್ಪಾಲಿನಲ್ಲೇ ನನ್ನನ್ನು ಎತ್ತಿಕೊಂಡರು. ಮೆಣಸು ವ್ಯಾಪಾರದ ಬ್ಯಾರಿ ಅಣ್ಣನ ಪಿಕಪ್ ರಸ್ತೆಯಲ್ಲೇ ಇತ್ತು. ಹಾಸನಕ್ಕೆ 40 ಕಿಲೋಮೀಟರ್. ಪ್ರತಿ ಗುಂಡಿಗೂ ನಾನು ಕಿರುಚುತ್ತಿದ್ದೆ, ಅವರು ಪ್ರತಿ ಸಲವೂ 'ಸಾರಿ ಅಣ್ಣ' ಅನ್ನುತ್ತಿದ್ದರು. ರಸ್ತೆ ಅವರೇನು ಮಾಡಿಸಿದ್ದಾ? ಆಸ್ಪತ್ರೆಯಲ್ಲಿ ಮುಂಗಡ ಕಟ್ಟಿದ್ದೂ ಅವರೇ. ಬೈಬಲ್ಲಿನ ಲೂಕನ ಸುವಾರ್ತೆಯ ಕತೆಯಲ್ಲಿ ಬರುವ ಆ ಸಮಾರ್ಯ ನಾಡಿನ ದಾರಿಹೋಕ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಛತ್ರಕ್ಕೆ ಸೇರಿಸಿ ಎರಡು ದಿನಾರಿ ಕೊಟ್ಟು ಹೋಗುತ್ತಾನೆ. ದಿನಾರಿ ಅಂದರೆ ಆ ಕಾಲದ ಒಂದು ದಿನದ ಕೂಲಿ. ಇವರು ಕಟ್ಟಿದ್ದು ಎರಡು ದಿನದ ಕೂಲಿಯಲ್ಲ, ಎರಡು ತಿಂಗಳದ್ದು. ಆ ದುಡ್ಡು ವಾಪಸ್ ಕೊಟ್ಟಿದ್ದೇನೆ. ಉಳಿದದ್ದನ್ನು ಕೊಡುವುದು ಹೇಗೋ ಗೊತ್ತಿಲ್ಲ.

ತೊಡೆಗೆ ರಾಡ್ ಹಾಕಿದರು. ಮನೆಗೆ ಬಂದಾಗ ತಪಸ್ಸುಕಾಲ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು, ಶುರುವಾಗಿತ್ತು. ಆಮೇಲೆ ಬಂದವರು ನಮ್ಮ ಚರ್ಚಿನ ವಿನ್ಸೆಂಟ್ ದೆ ಪಾವ್ಲ್ ಸಭೆಯವರು. ಪ್ಯಾರಿಸ್ಸಿನಲ್ಲಿ 1833ರಲ್ಲಿ ಫ್ರೆಡರಿಕ್ ಓಝನಾಮ್ ಎಂಬ 20 ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ಸೇರಿ ಶುರು ಮಾಡಿದ ಸಭೆ ಅದು. ಬಡವರ, ಕಾಯಿಲೆಯವರ ಮನೆಗೇ ಹೋಗುವುದು ಅವರ ಮುಖ್ಯ ಕೆಲಸ. ನಿಜ ಹೇಳಬೇಕಂದ್ರೆ, ಅವರು ಕಾಣಿಕೆ ಡಬ್ಬಿ ಹಿಡಿದು ಬಂದಾಗ 100 ರೂಪಾಯಿ ಹಾಕಿ ಜಾರಿಕೊಳ್ಳುತ್ತಿದ್ದವನು ನಾನು. ಈಗ ಅವರೇ ಇಬ್ಬಿಬ್ಬರಾಗಿ ನಮ್ಮ ಮನೆಗೆ ಬಂದರು. ಒಬ್ಬರು ನನ್ನ ಹತ್ತಿರ ಕೂತರೆ ಇನ್ನೊಬ್ಬರು ಸೀದಾ ಅಡುಗೆಮನೆಗೆ. ಅಕ್ಕಿ ಡಬ್ಬಿ ತೆಗೆದು ನೋಡುವಷ್ಟು ಸಲಿಗೆ! ಮೊದಲು ಸಿಟ್ಟು ಬಂತು. ಎರಡನೇ ವಾರಕ್ಕೆ ಡಬ್ಬಿ ಖಾಲಿಯಾಗಿತ್ತು, ಸಿಟ್ಟೂ ಹೋಯಿತು.

ಅವರಲ್ಲಿ ಒಬ್ಬ ಅಜ್ಜ. ಶೆಟ್ಟಿಹಳ್ಳಿಯವರು. ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಆ ಹಳೇ ಚರ್ಚಿನ ಫೋಟೋ ನೀವೆಲ್ಲ ನೋಡಿರುತ್ತೀರಿ. ನಮಗೆ ಅದು ಫೋಟೋ, ಅವರಿಗೆ ಅದು ಹೊಸನನ್ಮೆ, ಅಂದರೆ ಮೊದಲ ಪರಮಪ್ರಸಾದ, ತಗೊಂಡ ಜಾಗ. ಅಣೆಕಟ್ಟಿನ ನೀರಿಗೆ ಊರು ಬಿಡುವಾಗ ಯಾರ್ಯಾರೋ ಬಂದು ಸಾಮಾನು ಹೊತ್ತುಕೊಟ್ಟರಂತೆ. 'ಅವರ ಮುಖಾನೂ ನೆನಪಿಲ್ಲ ಕಣೋ' ಅಂದರು, ಅಷ್ಟೇ.

ಪವಿತ್ರ ಗುರುವಾರದ ದಿನ ನಡೆದದ್ದನ್ನು ಹೇಳಲೇಬೇಕು. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಅವತ್ತು ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಹಿಂದಿನ ವರ್ಷ ನಾನೂ ಆ ಹನ್ನೆರಡರಲ್ಲಿ ಒಬ್ಬ. ಹೋಗುವ ಮುಂಚೆ ಮನೆಯಲ್ಲಿ ಎರಡು ಸಲ ಸೋಪು ಹಾಕಿ, ಕಲ್ಲಿನಿಂದ ಹಿಮ್ಮಡಿ ಉಜ್ಜಿಕೊಂಡಿದ್ದೆ. ಎಲ್ಲರೂ ಹಾಗೇ ಮಾಡುವುದು, ಅಲ್ವಾ? ತೊಳೆದ ಕಾಲನ್ನೇ ಮತ್ತೆ ತೊಳೆಸಿಕೊಂಡು ಬರುತ್ತೇವೆ.

ಈ ವರ್ಷ ಬಗ್ಗಲು ಆಗದೆ ನನ್ನ ಕಾಲು ತಿಂಗಳಿಂದ ಹಾಗೇ ಇತ್ತು. ಹಿಮ್ಮಡಿ ಒಡೆದು ಸೀಳು. ಉಗುರು ಬೆಳೆದು ಬೆರಳಿಗೆ ಚುಚ್ಚುತ್ತಿತ್ತು. ಹೆಂಡತಿಗೆ ಹೇಳಲೂ ನಾಚಿಕೆ. ಮಧ್ಯಾಹ್ನ ಅಜ್ಜ ಬಂದವರು ಹೊದಿಕೆ ಸರಿಸಿ ನೋಡಿದರು. ಏನೂ ಅನ್ನಲಿಲ್ಲ. ಬಕೆಟ್‌ನಲ್ಲಿ ಬಿಸಿನೀರು ತರಿಸಿ, ಉಪ್ಪು ಹಾಕಿ, ಅರ್ಧ ಗಂಟೆ ಒದ್ದೆ ಬಟ್ಟೆ ಸುತ್ತಿಟ್ಟರು. ಉಗುರು ನೆನೆದ ಮೇಲೆ ಕನ್ನಡಕವನ್ನು ಹಣೆಗೇರಿಸಿ, ಮುಖವನ್ನು ಕಾಲಿನ ಹತ್ತಿರಕ್ಕೇ ತಂದು, ಒಂದೊಂದೇ ಕತ್ತರಿಸಿದರು. ಹೆಬ್ಬೆರಳಿಗೆ ಮಾತ್ರ ಹತ್ತು ನಿಮಿಷ. 'ಈ ಉಗುರಿಗೆ ಗರಗಸ ಬೇಕಿತ್ತು' ಅಂದರು. ಸಂಜೆ ಪೂಜೆಗೆ ಹೊತ್ತಾಯಿತು ಅಂತ ಕೈ ತೊಳೆದುಕೊಂಡು ಹೊರಟೇಬಿಟ್ಟರು.

ಈ 163 ದಿನ ಯಾರ್ಯಾರು ಏನೇನು ಮಾಡಿದರು ಅಂತ ಹಳೇ ಚೆಕ್‌ರೋಲ್ ಪುಸ್ತಕದಲ್ಲಿ, ಅದೇ ಆಳುಗಳ ಹಾಜರಿ ಪುಸ್ತಕದಲ್ಲಿ, ಬರೆದಿಟ್ಟಿದ್ದೇನೆ. ಉಳಿದ ಮೆಣಸನ್ನು ಕುಯ್ದು, ಒಣಗಿಸಿ, ಚೀಲ ತುಂಬಿ ಕೊಟ್ಟ ಪಕ್ಕದ ಗೌಡರ ಮನೆಯವರು. ಮಗಳನ್ನು ಸ್ಕೂಲಿಗೆ ಬಿಟ್ಟು ಕರೆತಂದ ಆಟೋದವರು. ಕೈ ಹಿಡಿದು ನಿಲ್ಲಿಸಿದ, ಬೈದು ನಡೆಸಿದ ಸಿಸ್ಟರ್. ಭಾನುವಾರ ಪೂಜೆ ಮುಗಿದ ಮೇಲೆ ಆ ಪುಸ್ತಕವನ್ನು ಅಜ್ಜನಿಗೆ ತೋರಿಸಿ, ನಿಮ್ಮೆಲ್ಲರ ಹೆಸರು ಹಾಕಿ ಥ್ಯಾಂಕ್ಸ್ ಬರೀತೀನಿ ಅಂದೆ. ಅವರು 'ಹೆಸರು ಬರೀಬೇಡ, ಲೂಕ 17 ಓದು' ಅಂದು ನಡೆದೇಬಿಟ್ಟರು.

ಅಲ್ಲಿರುವುದು ಇಷ್ಟು: ಗದ್ದೆಯಿಂದ ದಣಿದು ಬಂದ ಆಳಿಗೆ ಯಜಮಾನ ಕೂತ್ಕೋ ಅನ್ನುವುದಿಲ್ಲ, ಮೊದಲು ನನಗೆ ಊಟ ಬಡಿಸು ಅನ್ನುತ್ತಾನೆ. ಉಪಕಾರವಾಯಿತು ಅಂತಲೂ ಹೇಳುವುದಿಲ್ಲ. ನೀವೂ ಎಲ್ಲ ಮಾಡಿ ಮುಗಿಸಿದ ಮೇಲೆ, ನಾವು ಬರೀ ಆಳುಗಳು, ಮಾಡಬೇಕಾದ್ದನ್ನೇ ಮಾಡಿದೆವು ಅನ್ನಿ ಅನ್ನುತ್ತಾರೆ ಯೇಸುಸ್ವಾಮಿ. ಆಳುಗಳ ನಡುವೆ ಬದುಕುವ ನನಗೆ ಈ ಮಾತು ಯಾವತ್ತೂ ಸ್ವಲ್ಪ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಅಜ್ಜ ಮಾತ್ರ ಅದನ್ನು ತಮಗೇ ಹೇಳಿದ್ದು ಅಂತ ತಗೊಂಡಿದ್ದಾರೆ.

ಆದರೆ ಅಜ್ಜ ಹತ್ತನೇ ವಾಕ್ಯಕ್ಕೇ ನಿಲ್ಲಿಸಿದ್ದಾರೆ. ನಾನು ಹನ್ನೊಂದಕ್ಕೆ ಹೋದೆ. ಅಲ್ಲಿ ಹತ್ತು ಜನ ಕುಷ್ಠರೋಗಿಗಳು ವಾಸಿಯಾಗುತ್ತಾರೆ. ವಾಪಸ್ ಬಂದು ಕಾಲಿಗೆ ಬೀಳುವವನು ಒಬ್ಬನೇ. ಮಿಕ್ಕ ಒಂಬತ್ತು ಜನ ಎಲ್ಲಿ ಅಂತ ಸ್ವಾಮಿ ಕೇಳುತ್ತಾರೆ. ಒಂದೇ ಅಧ್ಯಾಯ, ಪಕ್ಕಪಕ್ಕದಲ್ಲೇ. ಮಾಡಿದವರಿಗೆ ಹೇಳಿದ್ದು ಒಂದು, ಮಾಡಿಸಿಕೊಂಡವರಿಗೆ ಹೇಳಿದ್ದು ಇನ್ನೊಂದು. ಹಾಗಾಗಿ ಅಜ್ಜ, ಹೆಸರು ಹಾಕಿಲ್ಲ, ಆದರೆ ಬರೆದಿದ್ದೇನೆ. ಬ್ಯಾರಿ ಅಣ್ಣ, ಗೌಡರೇ, ಆಟೋದವರೇ, ಸಿಸ್ಟರ್, ಅಕ್ಕಿ ಡಬ್ಬಿ ನೋಡಿದ ಅಕ್ಕಂದಿರೇ, ನಿಮ್ಮೆಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್.

ಸಭೆಗೆ ನಾನೂ ಸೇರಿದ್ದೇನೆ. ಬರುವ ಶನಿವಾರ ನಾಲ್ಕು ಗಂಟೆಗೆ ಮೊದಲ ಮನೆ, ಜೋಡಿ ಅಜ್ಜನದೇ. ಉಗುರು ಕಟರ್ ಮಾತ್ರ ನಾನೇ ತರಬೇಕಂತೆ. ಅವರದ್ದು ನನ್ನ ಹೆಬ್ಬೆರಳಿಗೇ ಮೊಂಡಾಯಿತಂತೆ.