ಆಟಕ್ಕುಂಟು, ಲೆಕ್ಕಕ್ಕಿಲ್ಲವೇ?

ಮಾನ್ಯ ಸಂಪಾದಕರೇ,

ಅಂಗಳದಲ್ಲಿ ಕಣ್ಣಾಮುಚ್ಚಾಲೆ ನಡೆಯುವಾಗ ತೀರಾ ಚಿಕ್ಕ ಮಗುವೊಂದು ತಾನೂ ಬರುತ್ತೇನೆಂದು ಹಟ ಹಿಡಿದರೆ, ದೊಡ್ಡ ಮಕ್ಕಳು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಾರೆ. ಸಿಕ್ಕಿಬಿದ್ದರೂ ಔಟಲ್ಲ, ಗೆದ್ದರೂ ಗೆಲುವಲ್ಲ. ಮಗುವಿನ ವಿಷಯದಲ್ಲಿ ಅದು ಅಕ್ಕರೆ. ಅದೇ ಮಾತನ್ನು ಮೀಸೆ ಬಂದವರು ಮೀಸೆ ಬಂದವರಿಗೆ ಹೇಳತೊಡಗಿದರೆ ಜಗಳ. ವಿಡಿಯೊ ಗೇಮ್ ಅಭಿಮಾನಿಗಳ ಬಳಗದಲ್ಲಿ ವರ್ಷಗಳಿಂದ ನಡೆದಿರುವುದು ಇದೇ ಜಗಳ. ಕೆಲಸ ಮುಗಿಸಿ ಬಂದು ಒಂದು ಗಂಟೆ ಆಡುವವರು ಒಂದು ಕಡೆ, ‘ಹೀಗೆ ಆಡಿದರೆ ಮಾತ್ರ ಆಟ’ ಎನ್ನುವ ಮಡಿವಂತರು ಇನ್ನೊಂದು ಕಡೆ.

ಇದು ಅತಿ ಸ್ಪಷ್ಟವಾಗಿ ಕಾಣುವುದು ಎಲ್ಡನ್ ರಿಂಗ್ ಆಟದ ಸುತ್ತ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿಯ ಈ ಆಟ ಹೊರಬಂದದ್ದು 2022ರ ಫೆಬ್ರುವರಿ 25ರಂದು. ಸುಲಭ, ಮಧ್ಯಮ, ಕಠಿಣ ಎಂದು ಆರಿಸಿಕೊಳ್ಳುವ ಸೌಲಭ್ಯ ಇದರಲ್ಲಿಲ್ಲ. ಇದೇ ಕಂಪನಿಯ ಡಾರ್ಕ್ ಸೋಲ್ಸ್ (2011) ಮತ್ತು ಸೆಕಿರೊ (2019) ಆಟಗಳಲ್ಲೂ ಇರಲಿಲ್ಲ. ಎಲ್ಲರೂ ಒಂದೇ ಬೆಟ್ಟ ಹತ್ತಿದರೆ ಎಲ್ಲರೂ ಒಂದೇ ಬೆಟ್ಟದ ಬಗ್ಗೆ ಮಾತಾಡಬಹುದು ಎಂಬುದು ನಿರ್ದೇಶಕ ಹಿಡೆಟಾಕ ಮಿಯಾಜಾಕಿ ಅವರ ನಿಲುವು. ಒಪ್ಪತಕ್ಕ ಮಾತೇ. ಆದರೆ ಈ ನಿಲುವಿನ ಬೆನ್ನಿಗೆ ಅಭಿಮಾನಿಗಳು ತಮ್ಮದೇ ಒಂದಿಷ್ಟು ಕಾನೂನು ಕಟ್ಟಿದರು. ಜೊತೆಗೆ ನಿಂತು ಕಾದಾಡುವ ಆತ್ಮಗಳನ್ನು ನೆರವಿಗೆ ಕರೆಯಬಾರದು, ಬೇರೆ ಆಟಗಾರರನ್ನು ಕರೆಯಬಾರದು, ದೂರ ನಿಂತು ಮಂತ್ರ ಹೊಡೆಯಬಾರದು, ದೊಡ್ಡ ಗುರಾಣಿ ಹಿಡಿಯಬಾರದು. ಇವುಗಳಲ್ಲಿ ಒಂದನ್ನು ಮಾಡಿದರೂ ‘ನೀನು ಗೆದ್ದದ್ದು ಗೆಲುವೇ ಅಲ್ಲ’. ಸಿಕ್ಕಿಬಿದ್ದು ಒದ್ದಾಡುವವನು ಏನು ಕೇಳಿದರೂ ಉತ್ತರ ಎರಡೇ ಪದ: ‘ಗಿಟ್ ಗುಡ್’. ಅಂದರೆ, ಹೋಗಿ ಕಲಿತುಕೊಂಡು ಬಾ.

ಚೌಕಾಬಾರದಲ್ಲಿ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದು ಕೆಲವು ಮನೆಗಳ ಕಟ್ಟುನಿಟ್ಟು. ಕೆಲವು ಮನೆಗಳಲ್ಲಿ ಅದಿಲ್ಲ. ಅವರವರ ಜಗಲಿಯಲ್ಲಿ ಅವರವರ ನಿಯಮ ಚೆಂದ. ಪಕ್ಕದ ಮನೆಯ ಜಗಲಿಗೆ ಹೋಗಿ ಅವರ ಕವಡೆ ಕಿತ್ತುಕೊಂಡರೆ ಚೆಂದವಲ್ಲ.

ಈಗ ಆಟದೊಳಗೇ ಏನಿದೆ ನೋಡೋಣ. ಬಹುತೇಕರು ಎದುರಿಸುವ ಮೊದಲ ದೊಡ್ಡ ಬಾಸ್, ಅಂದರೆ ದಾರಿಗೆ ಅಡ್ಡ ನಿಲ್ಲುವ ಬಲಿಷ್ಠ ಎದುರಾಳಿ, ಮಾರ್ಗಿಟ್. ಅವನ ಬಾಗಿಲ ಮುಂದೆಯೇ ರೋಜಿಯರ್ ಎಂಬ ಮಾಂತ್ರಿಕನನ್ನು ನೆರವಿಗೆ ಕರೆಯುವ ಹೊಂಬಣ್ಣದ ಗುರುತು ನೆಲದ ಮೇಲಿರುತ್ತದೆ. ಇಟ್ಟವರು ಆಟ ಮಾಡಿದವರೇ. ಆತ್ಮಗಳನ್ನು ಕರೆಯುವ ಗಂಟೆಯನ್ನು ‘ಚರ್ಚ್ ಆಫ್ ಎಲ್ಲೆ’ ಎಂಬ ಪಾಳು ಚರ್ಚಿನಲ್ಲಿ ಒಂದು ಪಾತ್ರ ತಾನಾಗಿ ಕರೆದು ಕೊಡುತ್ತದೆ. ತಪ್ಪಿಸಿಕೊಂಡವರಿಗೆ ರೌಂಡ್‌ಟೇಬಲ್ ಹೋಲ್ಡ್ ಎಂಬ ತಂಗುದಾಣದ ಅಂಗಡಿಯಲ್ಲೂ ಸಿಗುತ್ತದೆ. ಇನ್ನು ರಾಡಾನ್ ಎಂಬ ಇನ್ನೊಬ್ಬ ಬಾಸ್ ಜೊತೆಗಿನ ಕಾಳಗವಂತೂ ಹೆಸರಿಗೇ ‘ಉತ್ಸವ’. ರಣರಂಗದುದ್ದಕ್ಕೂ ನೆರವಿನ ಗುರುತುಗಳು ಹರಡಿಕೊಂಡಿರುತ್ತವೆ, ನೆರವಿಗೆ ಬಂದವರು ಸತ್ತರೆ ಗುರುತು ಮತ್ತೆ ಮೂಡುತ್ತದೆ, ಮತ್ತೆ ಕರೆಯಬಹುದು. ನೆರವು ಕರೆಯುವುದು ಮೋಸವಾದರೆ ಈ ಜಾತ್ರೆಯನ್ನು ನೆರೆಸಿದ್ದು ಯಾಕೆ? ಮಡಿವಂತರು ಈ ಪ್ರಶ್ನೆಗೆ ಉತ್ತರಿಸುವುದಿಲ್ಲ.

‘ಆತ್ಮ ಕರೆದರೆ ಆಟವೇ ಸಲೀಸು’ ಎಂಬ ಮಾತೂ ಅರ್ಧ ಸತ್ಯ. ಎಲ್ಲೆಂದರಲ್ಲಿ ಕರೆಯಲಾಗದು, ಹತ್ತಿರದಲ್ಲಿ ಅದಕ್ಕೆಂದೇ ನೆಟ್ಟ ಚಿಕ್ಕ ಕಲ್ಲು ಇರಬೇಕು. ಸಾಮಾನ್ಯವಾಗಿ ಇದಕ್ಕೆ ತಗಲುವುದು ಮಂತ್ರಶಕ್ತಿ. ಮಿಮಿಕ್ ಟಿಯರ್ ಎಂಬ ಪ್ರಸಿದ್ಧ ಆತ್ಮ ಮಾತ್ರ ನಿಮ್ಮ ಪ್ರಾಣದಲ್ಲೇ ಪಾಲು ಕೇಳುತ್ತದೆ. ಅದು ನಿಮ್ಮದೇ ನಕಲು, ನೀವು ತೊಟ್ಟದ್ದನ್ನೇ ತೊಟ್ಟು ಬರುತ್ತದೆ. ಹದ ಮಾಡದ ಕತ್ತಿ ಹಿಡಿದು ಕರೆದರೆ ಹದ ಮಾಡದ ಕತ್ತಿಯ ಇನ್ನೊಬ್ಬ ಸಿಗುತ್ತಾನೆ, ಅಷ್ಟೇ. ಬಿಡುಗಡೆಯಾದ ಮೊದಲ ವಾರಗಳಲ್ಲಿ ಇದರ ಹೊಡೆತ ಅತಿಯಾಗಿತ್ತೆಂಬುದು ನಿಜ. 2022ರ ಮಾರ್ಚ್ 17ರ 1.03 ತಿದ್ದುಪಡಿಯಲ್ಲಿ ಕಂಪನಿಯೇ ಅದನ್ನು ತಗ್ಗಿಸಿತು. ಅದಾದ ಮೇಲೂ ಹಳೆಯ ಆರೋಪವನ್ನೇ ಹೊತ್ತು ತಿರುಗುವವರು ಆಟವನ್ನಲ್ಲ, ವದಂತಿಯನ್ನು ಆಡುತ್ತಿದ್ದಾರೆ.

ಬಾಸ್‌ನ ಪ್ರಾಣಬಲದ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ಆತ್ಮವನ್ನು ಕರೆದರೆ ಅದು ಹೆಚ್ಚುವುದಿಲ್ಲ. ಬೇರೊಬ್ಬ ಆಟಗಾರನನ್ನು ಕರೆದರೆ ಹೆಚ್ಚುತ್ತದೆ. ಹೀಗಾಗಿ ನೆರವಿಗೆ ಬಂದವನು ಮೊದಲ ನಿಮಿಷದಲ್ಲೇ ಸತ್ತರೆ, ಕರೆದವನು ಒಬ್ಬನೇ ಉಬ್ಬಿದ ಬಾಸ್ ಮುಂದೆ ನಿಲ್ಲಬೇಕು. ಮಲೇನಿಯಾ ಎಂಬ ಬಾಸ್‌ನ ಮುಂದೆ ಕಥೆಯೇ ಉಲ್ಟಾ. ಅವಳ ಏಟು ಯಾರಿಗೆ ತಗಲಿದರೂ, ಗುರಾಣಿಗೆ ತಗಲಿದರೂ ಸಹ, ಅವಳ ಪ್ರಾಣ ತುಂಬಿಕೊಳ್ಳುತ್ತದೆ. ಮಂದಗತಿಯ ಆತ್ಮವೊಂದನ್ನು ಅವಳ ಮುಂದೆ ನಿಲ್ಲಿಸಿದರೆ ಅದು ನೆರವಲ್ಲ, ಅವಳಿಗೆ ಬಡಿಸಿದ ಎಲೆ. ಗುರಾಣಿ ಹಿಂದೆ ಅವಿತು ಗೆಲ್ಲುತ್ತಾರೆಂದು ಹಂಗಿಸುವವರಿಗೂ ಇದು ಗೊತ್ತಿರಬೇಕಿತ್ತು.

‘ಗಿಟ್ ಗುಡ್’ ಬಗ್ಗೆ ನನ್ನ ದೊಡ್ಡ ತಕರಾರು ಅದು ಒರಟು ಎಂಬುದಲ್ಲ, ಅದರಲ್ಲಿ ಮಾಹಿತಿಯೇ ಇಲ್ಲ ಎಂಬುದು. ಹೊಸಬ ಸೋಲುವುದು ಬಹಳ ಸಲ ಬೆರಳಿನ ನಿಧಾನದಿಂದಲ್ಲ, ಲೆಕ್ಕದ ತಪ್ಪಿನಿಂದ. ವಿಗರ್ ಎಂಬ ಗುಣ ಪ್ರಾಣಬಲವನ್ನು ನಿರ್ಧರಿಸುತ್ತದೆ. ಅದು 25 ಇದ್ದಾಗ ಪ್ರಾಣ 800, 40ಕ್ಕೆ ಏರಿಸಿದರೆ 1450, 60ಕ್ಕೆ 1900, 99ಕ್ಕೆ ಬರೀ 2100. ಅಂದರೆ 25ರಿಂದ 40ರವರೆಗೆ ಒಂದೊಂದು ಪಾಯಿಂಟಿಗೆ ಸರಾಸರಿ 43 ಸಿಗುತ್ತದೆ, 60 ದಾಟಿದ ಮೇಲೆ ಐದು ಸಿಕ್ಕರೆ ಪುಣ್ಯ. ಹೊಸಬರು ಸಾಮಾನ್ಯವಾಗಿ ಎಲ್ಲ ಪಾಯಿಂಟುಗಳನ್ನೂ ಹೊಡೆತದ ಬಲಕ್ಕೆ ಸುರಿದು, ವಿಗರ್ 15ರಲ್ಲಿ ಬಿಟ್ಟು, ಎರಡೇ ಏಟಿಗೆ ಸಾಯುತ್ತಾರೆ. ಎರಡು ಏಟಿಗೆ ಸಾಯುವವನಿಗೆ ಬಾಸ್‌ನ ಮೂರನೇ ಪಟ್ಟು ನೋಡುವ ಅವಕಾಶವೇ ಇಲ್ಲ. ನೋಡದೆ ಕಲಿಯುವುದು ಹೇಗೆ?

ಆದ್ದರಿಂದ ಬಲ್ಲವರು ಕೇಳಬೇಕಾದ್ದು ನಾಲ್ಕು ಸಂಖ್ಯೆ. ವಿಗರ್ ಎಷ್ಟು? ಆಯುಧ ಪ್ಲಸ್ ಎಷ್ಟರಲ್ಲಿದೆ, ಅಂದರೆ ಅದನ್ನು ಎಷ್ಟು ಹಂತ ಹದ ಮಾಡಿದೆ? ಮೈಮೇಲಿನ ಭಾರ ಶೇಕಡಾ ಎಷ್ಟು? ಕುಡಿದು ಚೇತರಿಸಿಕೊಳ್ಳುವ ಕುಪ್ಪಿಗಳು ಎಷ್ಟು? ಭಾರ ಶೇ 70 ಮೀರಿದರೆ, ಏಟು ತಪ್ಪಿಸಿಕೊಳ್ಳಲು ಉರುಳುವುದು ಮೂಟೆ ಉರುಳಿದಂತೆ ನಿಧಾನವಾಗುತ್ತದೆ. ಕವಚದ ಒಂದು ತುಂಡು ಕಳಚಿಟ್ಟರೆ ಅರ್ಧ ದೂರು ಅಲ್ಲೇ ಮುಗಿಯುತ್ತದೆ. ಆಯುಧದ ವಿಷಯಕ್ಕೆ ಬಂದರೆ, ಸಾಮಾನ್ಯ ಆಯುಧವನ್ನು ಪ್ಲಸ್ ಒಂದು ಮಾಡಲು 2 ಸ್ಮಿತಿಂಗ್ ಸ್ಟೋನ್ (ಹದ ಮಾಡುವ ಕಲ್ಲು), ಎರಡಕ್ಕೆ 4, ಮೂರಕ್ಕೆ 6, ಒಟ್ಟು 12 ಕಲ್ಲು ಬೇಕು. ಈ ಕಲ್ಲುಗಳು ಆಟ ಶುರುವಾಗುವ ಲಿಮ್‌ಗ್ರೇವ್ ಸೀಮೆಯ ಸುರಂಗ ಗಣಿಯಲ್ಲಿ ಗೋಡೆಗೇ ಅಂಟಿಕೊಂಡಿರುತ್ತವೆ. ಪ್ಲಸ್ ಮೂರರವರೆಗಿನ ಕೆಲಸ ಚರ್ಚ್ ಆಫ್ ಎಲ್ಲೆಯ ಮೇಜಿನ ಮೇಲೇ ಆಗುತ್ತದೆ. ಕುಪ್ಪಿಗಳು ಶುರುವಿಗೆ ಪ್ರಾಣ ತುಂಬುವ ಕೆಂಪು, ಮಂತ್ರಶಕ್ತಿ ತುಂಬುವ ನೀಲಿ ಎರಡೂ ಸೇರಿ ನಾಲ್ಕು, ಕೊನೆಗೆ 14ರವರೆಗೆ ಏರುತ್ತವೆ. ದಕ್ಷಿಣದ ವೀಪಿಂಗ್ ಪೆನಿನ್ಸುಲಾ ಒಂದು ಸುತ್ತು ಹಾಕಿ ಬಂದರೆ ಅವುಗಳ ಸಂಖ್ಯೆ, ಸತ್ವ ಎರಡೂ ಹೆಚ್ಚುತ್ತವೆ.

ಇಷ್ಟಾದ ಮೇಲೆ ಬೆರಳಿನ ಮಾತು. ಮಾರ್ಗಿಟ್ ಕೋಲೆತ್ತಿದೊಡನೆ ಉರುಳಬಾರದು, ಅವನು ಕೋಲನ್ನು ಬೇಕೆಂದೇ ಮೇಲೆ ತಡೆದು ಹಿಡಿಯುತ್ತಾನೆ. ಕೋಲು ಇಳಿಯತೊಡಗಿದಾಗ ಉರುಳಬೇಕು. ಅವನ ಕಣ್ಣೆದುರೇ ಕುಪ್ಪಿ ಎತ್ತಿದರೆ ಬೆಳಕಿನ ಚೂರಿ ಹಾರಿಬರುತ್ತದೆ. ದಮ್ಮೆಲ್ಲ ಹೊಡೆಯುವುದಕ್ಕೇ ಖರ್ಚು ಮಾಡಿದರೆ ಉರುಳಲು ಉಳಿಯುವುದಿಲ್ಲ, ಆದ್ದರಿಂದ ಮೂರು ಏಟು ಹೊಡೆಯುವ ಆಸೆಯಾದಾಗ ಎರಡಕ್ಕೆ ನಿಲ್ಲಿಸಬೇಕು. ಇಷ್ಟನ್ನು ಬರೆಯಲು ಎರಡು ನಿಮಿಷ ಸಾಕು. ಹಂಗಿಸಲೂ ಅಷ್ಟೇ ಹೊತ್ತು ಬೇಕು.

ಹಾಗೆಂದು ಸುಮ್ಮನೆ ಆಡುವವರದ್ದೆಲ್ಲ ಸರಿ ಎನ್ನಲಾರೆ. 2024ರ ಜೂನ್ 21ರಂದು ಇದೇ ಆಟದ ಮುಂದುವರಿಕೆಯಾಗಿ ಶ್ಯಾಡೋ ಆಫ್ ದಿ ಎರ್ಡ್‌ಟ್ರೀ ಬಂದಾಗ ‘ವಿಪರೀತ ಕಷ್ಟ’ ಎಂಬ ಕೂಗು ಎದ್ದಿತು. ಆ ಹೊಸ ಸೀಮೆಯಲ್ಲಿ ಸ್ಕಾಡುಟ್ರೀ ಚೂರುಗಳು ಎಂಬ ವಸ್ತುಗಳಿವೆ, ಒಟ್ಟು 50. ಇವು ಅಲ್ಲಿ ಮಾತ್ರ ಕೆಲಸ ಮಾಡುವ 20 ಹಂತಗಳ ರಕ್ಷೆ ಕೊಡುತ್ತವೆ. ಕೊಡುವ ಹೊಡೆತವೂ ಹೆಚ್ಚುತ್ತದೆ, ತಿನ್ನುವ ಏಟಿನ ನೋವೂ ತಗ್ಗುತ್ತದೆ. ಹೆಕ್ಕಿಕೊಂಡರೆ ಸಾಲದು, ವಿಶ್ರಾಂತಿಯ ಜಾಗದಲ್ಲಿ ಕೂತು ಅದಕ್ಕೆಂದೇ ಇರುವ ಪಟ್ಟಿಯಲ್ಲಿ ಬಳಸಬೇಕು. ಎಷ್ಟೋ ಜನ ಹೆಕ್ಕಲೇ ಇಲ್ಲ, ಹೆಕ್ಕಿದ ಕೆಲವರು ಬಳಸಲಿಲ್ಲ, ನೇರವಾಗಿ ಬಾಸ್ ಮುಂದೆ ಓಡಿ ಸತ್ತು ಕೆಟ್ಟ ವಿಮರ್ಶೆ ಬರೆದರು. ತಮಾಷೆಯೆಂದರೆ ಮಡಿವಂತರಲ್ಲೂ ಕೆಲವರು ‘ಚೂರು ಬಳಸುವುದು ಅಶಕ್ತರ ದಾರಿ’ ಎಂದು ಪಟ್ಟು ಹಿಡಿದು, ಅದೇ ಬಾಸ್‌ಗಳ ಕೈಯಲ್ಲಿ ಅದೇ ರೀತಿ ಸತ್ತರು. ಒಂದೇ ವಾರದಲ್ಲಿ ಕಂಪನಿ ಮೊದಲರ್ಧದ ಹಂತಗಳ ಬಲ ಹೆಚ್ಚಿಸಿತು. ಕೂಗಿದವರು ಗೆದ್ದೆವೆಂದರು, ಹಂಗಿಸುವವರು ಆಟ ಕೆಟ್ಟಿತೆಂದರು. ಆದರೆ ಬದಲಾದದ್ದು ಬಾಸ್‌ಗಳಲ್ಲ, ಚೂರು ಹುಡುಕುವ ತಾಳ್ಮೆಯಿದ್ದವರಿಗೆ ಸಿಗುವ ಫಲ ಅಷ್ಟೇ.

ನಿಜವಾದ ಪರಿಣತಿ ಹೇಗಿರುತ್ತದೆ ಎಂಬುದಕ್ಕೂ ಇದೇ ಆಟದಲ್ಲಿ ಸಾಕ್ಷಿಯಿದೆ. 2022ರ ಏಪ್ರಿಲ್‌ನಲ್ಲಿ ‘ಲೆಟ್ ಮಿ ಸೋಲೋ ಹರ್’ ಎಂಬ ಅಡ್ಡಹೆಸರಿನ ಆಟಗಾರ ಸುದ್ದಿಯಾದ. ತಲೆಗೊಂದು ಮಡಕೆ, ಸೊಂಟಕ್ಕೊಂದು ತುಂಡು ಬಟ್ಟೆ, ಕೈಗಳಲ್ಲಿ ಎರಡು ಕತ್ತಿ. ಮಲೇನಿಯಾಳ ಬಾಗಿಲ ಬಳಿ ತನ್ನ ಗುರುತು ಬರೆದಿಟ್ಟು, ಯಾರು ಕರೆದರೂ ಹೋಗಿ, ಅವರ ಪರವಾಗಿ ಒಬ್ಬನೇ ಅವಳನ್ನು ಸೋಲಿಸಿಕೊಡುತ್ತಿದ್ದ. ಅವನಷ್ಟು ನಿಪುಣರು ವಿರಳ. ಕರೆದವರನ್ನು ‘ನಿನ್ನ ವಿಗರ್ ಎಷ್ಟು’ ಎಂದೂ ಕೇಳಲಿಲ್ಲ. ಆಟದ ಪ್ರಕಾಶಕರು ಅವನಿಗೊಂದು ಕತ್ತಿ ಕಳಿಸಿ ಗೌರವಿಸಿದರು.

ಕನ್ನಡಿಗರ ಪಾಲಿಗೆ ಇನ್ನೊಂದು ತೊಡಕಿದೆ. ಆಟದಲ್ಲಿ ಕನ್ನಡವಿಲ್ಲ. ಇರುವ ಇಂಗ್ಲಿಷ್ ಹಳೆಗಾಲದ ಗಡುಸು ಶೈಲಿಯದು, ಮತ್ತು ಕಥೆಯ ಬಹುಪಾಲು ವಸ್ತುಗಳ ವಿವರಣೆಯೊಳಗೆ ಹುದುಗಿದೆ. ಯಾವ ಬೇರು ಯಾವುದಕ್ಕೆ, ಯಾವ ಪಾತ್ರ ಹೇಳಿದ ಊರು ಯಾವ ದಿಕ್ಕಿಗೆ ಎಂಬುದು ಓದಿದರೂ ಅರ್ಥವಾಗದೆ ಅಲೆಯುವವನಿಗೆ ಆಟ ಬರುವುದಿಲ್ಲ ಎನ್ನುವುದು ತಪ್ಪು. ಅವನಿಗೆ ಬಾರದಿರುವುದು ಆ ಇಂಗ್ಲಿಷ್. ಕಂಪ್ಯೂಟರ್ ಹಳೆಯದಾದರೆ ಅದೂ ಸೇರಿಕೊಳ್ಳುತ್ತದೆ. ಸೆಕೆಂಡಿಗೆ 60 ಚಿತ್ರ ತೋರಿಸುವ ಯಂತ್ರದಲ್ಲಿ ಚಿತ್ರ ಬದಲಾಗುವುದು ಸುಮಾರು 17 ಮಿಲಿಸೆಕೆಂಡಿಗೊಮ್ಮೆ, 30 ತೋರಿಸುವುದರಲ್ಲಿ 33ಕ್ಕೊಮ್ಮೆ. ಉರುಳಬೇಕಾದ ಕ್ಷಣ ಕಣ್ಣಿಗೆ ಬೀಳುವುದೇ ತಡವಾಗುತ್ತದೆ.

ಆಟಗಳೆಂದರೆ ಪತ್ರಿಕೆಗಳಲ್ಲಿ ಚಟ, ನಿಷೇಧ, ಬೆಲೆ ಇಷ್ಟೇ ಎಂಬಂತಾಗಬಾರದು. ಮೇಲೆ ಹೇಳಿದಂಥ ಲೆಕ್ಕಗಳನ್ನು ಕನ್ನಡದಲ್ಲಿ ಬರೆಯಬಲ್ಲವರು ನಮ್ಮಲ್ಲಿದ್ದಾರೆ, ಅವರಿಗೆ ತಂತ್ರಜ್ಞಾನ ಪುಟದ ಒಂದು ಅಂಕಣ ಸಾಕು. ಜೊತೆಗೊಂದು ಕೋರಿಕೆ. ಇಂಥ ಆಟದ ವಿಮರ್ಶೆ ಅಚ್ಚಾಗುವಾಗ ಕೊನೆಯಲ್ಲಿ ಒಂದು ಸಾಲು ಸೇರಿಸಿ: ಬರೆದವರು ಎಷ್ಟು ವಿಗರ್, ಪ್ಲಸ್ ಎಷ್ಟರ ಆಯುಧ, ಎಷ್ಟು ಕುಪ್ಪಿಗಳೊಂದಿಗೆ ಆಡಿದರು, ಆತ್ಮಗಳನ್ನು ಕರೆದರೋ ಇಲ್ಲವೋ. ‘ಕಷ್ಟ’ ಎಂದರೆ ಎಷ್ಟು ಕಷ್ಟ ಎಂದು ಓದುವವರೇ ಅಳೆದುಕೊಳ್ಳುತ್ತಾರೆ.

ಇತಿ,
ಓದುಗ, ಮೈಸೂರು