ಯಾವ ಲೇಪನ, ಎಷ್ಟು ದಪ್ಪ: ರೋಗಿಗೆ ಬರೆದುಕೊಡಿ

ಮಾನ್ಯ ಸಂಪಾದಕರೇ,

ಕೀಲು ಬದಲಾವಣೆಯ ಜಾಹೀರಾತುಗಳಲ್ಲಿ ‘ಕೋಟಿಂಗ್ ಇರುವ ಇಂಪ್ಲಾಂಟ್’ ಎಂಬ ಮಾತು ಈಗ ಮಾಮೂಲಾಗಿದೆ. ಹೊಂಬಣ್ಣದ ಮಂಡಿಯ ಚಿತ್ರ ಹಾಕಿ ‘ಗೋಲ್ಡ್ ನೀ’ ಎಂದು ಕರೆಯುವುದೂ ಉಂಟು. ಅದನ್ನು ಓದಿದ ಮನೆಮಂದಿ, ಕೋಟಿಂಗ್ ಇದ್ದರೆ ಮೂಳೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ದುಡ್ಡು ಹೆಚ್ಚಾದರೂ ಅದನ್ನೇ ಹಾಕಿಸೋಣ ಎಂದುಕೊಳ್ಳುತ್ತಾರೆ. ಬೇರೆ ಬೇರೆ ಕೆಲಸ ಮಾಡುವ ಎರಡು ಲೇಪನಗಳು ಇಲ್ಲಿ ಒಂದೇ ಹೆಸರಿನಲ್ಲಿ ಕಲಸಿಹೋಗಿವೆ. ಅದನ್ನು ಬಿಡಿಸಿ ಹೇಳಲು ಈ ಪತ್ರ.

ಹೊಂಬಣ್ಣದ್ದು ಟೈಟಾನಿಯಂ ನೈಟ್ರೈಡ್ ಅಥವಾ ಟೈಟಾನಿಯಂ ನಯೋಬಿಯಂ ನೈಟ್ರೈಡ್. ಚಿನ್ನ ಅದರಲ್ಲಿಲ್ಲ. ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪದ ಈ ಗಡಸು ಪದರ ಕೋಬಾಲ್ಟ್-ಕ್ರೋಮ್ ಲೋಹದಿಂದ ಅಯಾನುಗಳು, ಅಂದರೆ ವಿದ್ಯುದಾವೇಶದ ಲೋಹದ ಕಣಗಳು, ಸೋರುವುದನ್ನು ತಗ್ಗಿಸುತ್ತದೆ. ಲೋಹದ ಅಲರ್ಜಿ ಇರುವವರಿಗೆ ಇದನ್ನು ಸೂಚಿಸಲು ಕಾರಣ ಅದೇ. ಇಂಥ ಮಂಡಿಗಳನ್ನು ಸಾಮಾನ್ಯವಾಗಿ ಬೋನ್ ಸಿಮೆಂಟ್ ಎಂಬ ಗಾರೆಯಂಥ ವಸ್ತು ಹಾಕಿ ಕೂರಿಸುತ್ತಾರೆ. ಹಾಗಿರುವಾಗ ಮೂಳೆ ಲೇಪನವನ್ನು ಹಿಡಿದುಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ.

ಮೂಳೆ ನೇರವಾಗಿ ಲೋಹಕ್ಕೆ ಕೂಡಿಕೊಳ್ಳಬೇಕಾದದ್ದು ಸಿಮೆಂಟ್ ಇಲ್ಲದೆ ಹಾಕುವ ಕೀಲುಗಳಲ್ಲಿ. ಸೊಂಟದ ಕೀಲು ಬದಲಿಸುವಾಗ ತೊಡೆಮೂಳೆಯೊಳಗೆ ಇಳಿಸುವ ಲೋಹದ ದಂಡ, ಅಂದರೆ ಸ್ಟೆಮ್, ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮೇಲಿನ ಬಿಳಿ ಪದರ ಹೈಡ್ರಾಕ್ಸಿಅಪಟೈಟ್. ನಮ್ಮ ಮೂಳೆಯ ಖನಿಜಕ್ಕೆ ಹತ್ತಿರದ ಸಂಬಂಧಿಯಾದ ಕ್ಯಾಲ್ಸಿಯಂ ಫಾಸ್ಫೇಟ್ ಇದು. ಕ್ಯಾಲ್ಸಿಯಂ ಮತ್ತು ಫಾಸ್ಫರಸ್ ಪರಮಾಣುಗಳ ಅನುಪಾತ 1.67. 1985ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ರೊನಾಲ್ಡ್ ಫರ್ಲಾಂಗ್ ಇಂಥ ಲೇಪನದ ಸ್ಟೆಮ್ ಬಳಸಲು ತೊಡಗಿದರು. ಮರುವರ್ಷ ಫ್ರಾನ್ಸಿನಿಂದ ಕೋರೈಲ್ ಎಂಬ ಲೇಪಿತ ಸ್ಟೆಮ್ ಬಂತು.

ಹೈಡ್ರಾಕ್ಸಿಅಪಟೈಟ್ ಪುಡಿ ಒಳ್ಳೆಯದಾಗಿದ್ದ ಮಾತ್ರಕ್ಕೆ ಲೇಪನ ಒಳ್ಳೆಯದಾಗಬೇಕೆಂದಿಲ್ಲ. ಹೆಚ್ಚಿನ ಕಾರ್ಖಾನೆಗಳು ಬಳಸುವುದು ಪ್ಲಾಸ್ಮಾ ಸ್ಪ್ರೇ, ಅಂದರೆ ಅತಿ ಬಿಸಿಯಾದ ಅನಿಲದ ಜ್ವಾಲೆಯಲ್ಲಿ ಪುಡಿ ಸಿಂಪಡಿಸುವ ವಿಧಾನ. ಮೊದಲು ಟೈಟಾನಿಯಂ ಸ್ಟೆಮ್‌ಗೆ ಅಲ್ಯೂಮಿನಾ ಹರಳು ಹೊಡೆದು ಮೈ ಒರಟು ಮಾಡುತ್ತಾರೆ. ಲೇಪನ ಕಚ್ಚಿಕೊಳ್ಳುವುದು ಬಹುಪಾಲು ಆ ಒರಟಿನಿಂದಲೇ. ಆಮೇಲೆ ತೊಳೆದು, ಆರ್ಗಾನ್ ಮತ್ತು ಹೈಡ್ರೋಜನ್ ಅನಿಲದ ಪ್ಲಾಸ್ಮಾ ಜ್ವಾಲೆಗೆ ಪುಡಿಯನ್ನು ಊದುತ್ತಾರೆ. ಜ್ವಾಲೆಯ ನಡುವೆ ಬಿಸಿ 10,000 ಡಿಗ್ರಿ ಸೆಲ್ಸಿಯಸ್ ಮೀರಿರುತ್ತದೆ. ಪುಡಿಯ ಕಣ ಅಲ್ಲಿರುವುದು ಸೆಕೆಂಡಿನ ಸಾವಿರದ ಕೆಲವು ಭಾಗ ಮಾತ್ರ. ಹೊರಮೈ ಕರಗಿ, ಲೋಹಕ್ಕೆ ಅಪ್ಪಳಿಸಿ, ಚಪ್ಪಟೆಯಾಗಿ ಹೆಪ್ಪುಗಟ್ಟುತ್ತದೆ.

ಕೆಡುವುದೂ ಇಲ್ಲೇ. ಬಿಸಿ ಹೆಚ್ಚಾದರೆ ಹೈಡ್ರಾಕ್ಸಿಅಪಟೈಟ್ ಒಡೆದು ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಟೆಟ್ರಾಕ್ಯಾಲ್ಸಿಯಂ ಫಾಸ್ಫೇಟ್, ಕೊನೆಗೆ ಸುಟ್ಟ ಸುಣ್ಣವೂ ಆಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ತಾಕಿದರೆ ಉಬ್ಬುತ್ತದೆಂಬುದು ಮನೆಗೆ ಸುಣ್ಣ ಬಳಿದವರಿಗೆಲ್ಲ ಗೊತ್ತು. ಲೇಪನದೊಳಗೂ ಅದೇ ಆಗಿ ಬಿರುಕು ಬಿಡುತ್ತದೆ. ಇನ್ನೊಂದು ತೊಂದರೆ ಕಣ್ಣಿಗೆ ಕಾಣದ್ದು. ಮೊದಲು ಬಿದ್ದ ಕಣಗಳ ಬಿಸಿಯನ್ನು ತಣ್ಣನೆಯ ಲೋಹ ಥಟ್ಟನೆ ಹೀರಿಕೊಳ್ಳುವುದರಿಂದ ಅವಕ್ಕೆ ಸ್ಫಟಿಕವಾಗಿ ಜೋಡಿಕೊಳ್ಳಲು ಬಿಡುವು ಸಿಗುವುದಿಲ್ಲ. ಹಾಗಾಗಿ ಲೋಹಕ್ಕೆ ಅಂಟಿದ ಅಡಿಪದರವೇ ಗಾಜಿನಂತಾಗಿ, ದೇಹದ ದ್ರವದಲ್ಲಿ ಬೇಗ ಕರಗುತ್ತದೆ. ಮೇಲೆ ಮೂಳೆ ಚೆನ್ನಾಗಿ ಕೂಡಿದ್ದರೂ ಬುಡದಲ್ಲಿ ಲೇಪನ ಬಿಟ್ಟುಕೊಳ್ಳುವುದು ಹೀಗೆ. 600ರಿಂದ 700 ಡಿಗ್ರಿಯಲ್ಲಿ ಮತ್ತೆ ಕಾಯಿಸಿದರೆ ಸ್ಫಟಿಕದ ಪಾಲು ಹೆಚ್ಚುತ್ತದೆ ನಿಜ. ಆದರೆ ಬಿಸಿಗೆ ಲೇಪನ ಹಿಗ್ಗುವಷ್ಟು ಟೈಟಾನಿಯಂ ಹಿಗ್ಗುವುದಿಲ್ಲ. ಅವಸರದಲ್ಲಿ ತಣಿಸಿದರೆ ಲೇಪನ ಸೀಳುತ್ತದೆ.

ಇದಕ್ಕೆ ಅಳತೆಗೋಲು ಇದೆ. ಐಎಸ್ಒ 13779 ಎಂಬ ಅಂತರರಾಷ್ಟ್ರೀಯ ಮಾನದಂಡದ 2ನೇ ಭಾಗದ ಪ್ರಕಾರ ಲೇಪನದಲ್ಲಿ ಸ್ಫಟಿಕದ ಪಾಲು ಕನಿಷ್ಠ ಶೇ 45 ಇರಬೇಕು, ಅಂಟಿನ ಬಲ ಕನಿಷ್ಠ 15 ಮೆಗಾಪಾಸ್ಕಲ್ ಇರಬೇಕು. ಸ್ಫಟಿಕದ ಪಾಲನ್ನು ಎಕ್ಸ್-ರೇ ಡಿಫ್ರಾಕ್ಷನ್‌ನಿಂದ ಅಳೆಯುತ್ತಾರೆ. ಅಂಟಿನ ಬಲಕ್ಕೆ ಲೇಪಿತ ಬಿಲ್ಲೆಯ ಮೇಲೆ ಎಪಾಕ್ಸಿ ಎಂಬ ಗಟ್ಟಿ ಅಂಟಿನಿಂದ ಇನ್ನೊಂದು ತುಂಡು ಅಂಟಿಸಿ, ಕಿತ್ತುಬರುವ ತನಕ ಎಳೆಯುತ್ತಾರೆ. ಇಲ್ಲೊಂದು ಎಚ್ಚರಿಕೆ: ಲೇಪನದಲ್ಲಿ ರಂಧ್ರ ಹೆಚ್ಚಿದ್ದರೆ ಎಪಾಕ್ಸಿ ಒಳಗಿಳಿದು ಲೋಹವನ್ನೇ ಹಿಡಿಯುತ್ತದೆ, ಕಳಪೆ ಲೇಪನಕ್ಕೂ ಒಳ್ಳೆಯ ಅಂಕ ಬರುತ್ತದೆ. ವರದಿ ಓದುವವರು ಸಂಖ್ಯೆಯ ಜೊತೆಗೆ ಲೇಪನ ಎಲ್ಲಿ ಬಿಟ್ಟಿತು ಎಂಬುದನ್ನೂ ನೋಡಬೇಕು.

ದಪ್ಪದ ಬಗ್ಗೆಯೂ ತಪ್ಪು ಕಲ್ಪನೆ ಇದೆ. ಹೆಚ್ಚಿನ ಸ್ಟೆಮ್‌ಗಳಲ್ಲಿ ಲೇಪನ 50ರಿಂದ 75 ಮೈಕ್ರಾನ್, ಸುಮಾರು ಒಂದು ತಲೆಗೂದಲಿನಷ್ಟು. ತೆಳುವಾದರೆ ಬೇಗ ಕರಗುತ್ತದೆ. ದಪ್ಪವಾದಷ್ಟೂ ಪಿಂಗಾಣಿಯ ಹಾಗೆ ಪೆಡಸಾಗಿ ಸಿಡಿಯುವ ಭಯ. ಆದರೂ ಕೋರೈಲ್ 155 ಮೈಕ್ರಾನ್ ಲೇಪನದೊಂದಿಗೇ ದಶಕಗಳಿಂದ ಬಳಕೆಯಲ್ಲಿದೆ, ಏಕೆಂದರೆ ಸ್ಟೆಮ್‌ನ ಆಕಾರ, ಮೈಯ ಒರಟು, ಭಾರ ಬೀಳುವ ರೀತಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸೊಂಟದ ಮೂಳೆಯ ಗುಳಿಯಲ್ಲಿ ಕೂರಿಸುವ ನುಣುಪು ಲೋಹದ ಕಪ್‌ಗೆ ಹೈಡ್ರಾಕ್ಸಿಅಪಟೈಟ್ ಬಳಿದು ಕೂರಿಸಿದ ಹಳೆಯ ವಿನ್ಯಾಸಗಳು ಸೋತದ್ದು ಲೇಪನ ಕರಗಿದ ಮೇಲೆ ಮೂಳೆಗೆ ಹಿಡಿಯಲು ಏನೂ ಉಳಿಯದೆ.

ಒಂದು ವಿಷಯ ಮುಚ್ಚುಮರೆಯಿಲ್ಲದೆ ಹೇಳಬೇಕು. ನಾರ್ಡಿಕ್ ದೇಶಗಳ ನೋಂದಣಿಯಿಂದ 1,16,069 ಸೊಂಟದ ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಮೆಂಟ್ ಇಲ್ಲದ ಸ್ಟೆಮ್‌ಗಳ ಬಾಳಿಕೆ ಈ ಲೇಪನದಿಂದ ಹೆಚ್ಚಲಿಲ್ಲ. ಲೇಪನ ವ್ಯರ್ಥ ಎಂದು ಇದರರ್ಥವಲ್ಲ. ಟೈಟಾನಿಯಂ ಮೈಗೇ ಮೂಳೆ ಕೂಡಿಕೊಳ್ಳುವ ಗುಣವಿದೆ ಎಂಬುದನ್ನು ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ 1950ರ ದಶಕದಲ್ಲೇ ಕಂಡಿದ್ದರು. ‘ಕೋಟಿಂಗ್’ ಎಂಬ ಒಂದೇ ಮಾತಿಗೆ ಸಾವಿರಾರು ರೂಪಾಯಿ ಹೆಚ್ಚು ಕೇಳುವುದಕ್ಕೆ ಆಧಾರ ಸಾಲದು, ಅಷ್ಟೆ.

ಲೇಪನಕ್ಕಿಂತ ದೊಡ್ಡದು ಮೊದಲ ದಿನದ ಬಿಗಿ. ಹೆಜ್ಜೆ ಇಟ್ಟಾಗ ಸ್ಟೆಮ್ ಮತ್ತು ಮೂಳೆಯ ನಡುವಿನ ಅಲುಗಾಟ ಸುಮಾರು 40 ಮೈಕ್ರಾನ್‌ನೊಳಗಿದ್ದರೆ ಮೂಳೆ ಬೆಳೆಯುತ್ತದೆ. 150 ಮೀರಿದರೆ ನಡುವೆ ನಾರಿನ ಪೊರೆ ಬೆಳೆಯುತ್ತದೆ, ಸ್ಟೆಮ್ ಸಡಿಲವಾಗಿಯೇ ಉಳಿಯುತ್ತದೆ. ಯಾವ ಪುಡಿಯೂ ಇದನ್ನು ಸರಿಪಡಿಸದು. ಅಳತೆ ಒಂದು ಸೈಜ್ ಚಿಕ್ಕದಾದರೆ ಅಲುಗಾಟ, ಒಂದು ಸೈಜ್ ದೊಡ್ಡದನ್ನು ಬಡಿದು ಇಳಿಸಿದರೆ ತೊಡೆಮೂಳೆಯಲ್ಲಿ ಸೀಳು.

ಶುಚಿಯ ವಿಚಾರಕ್ಕೆ ಬಂದರೆ, 2000ದ ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿದ್ದ ಸಲ್ಜರ್ ಆರ್ಥೋಪೆಡಿಕ್ಸ್ ಇಂಟರ್-ಆಪ್ ಎಂಬ ಸಾವಿರಾರು ಸೊಂಟದ ಕಪ್‌ಗಳನ್ನು ವಾಪಸ್ ಪಡೆಯಬೇಕಾಯಿತು. ತಯಾರಿಕೆಯ ಯಂತ್ರದ ಎಣ್ಣೆ ಕಪ್‌ನ ಮೈಯಲ್ಲಿ ಉಳಿದಿತ್ತು, ಮೂಳೆ ಕೂಡಲಿಲ್ಲ. ಹಲವರಿಗೆ ಎರಡನೇ ಸಲ ಶಸ್ತ್ರಚಿಕಿತ್ಸೆ ಆಯಿತು. ಆಪರೇಷನ್ ಕೊಠಡಿಯಲ್ಲೂ ಇದೇ ಶಿಸ್ತು ಬೇಕು. ಲೇಪನವಿರುವ ಭಾಗವನ್ನು ಗ್ಲೌಸ್ ಕೈಯಿಂದಲೂ ಹಿಡಿಯಬಾರದು. ಹತ್ತಿಬಟ್ಟೆಯಿಂದ ಒರೆಸಿದರೆ ಎಳೆ ಸಿಕ್ಕಿಕೊಳ್ಳುತ್ತದೆ. ಕೆಳಗೆ ಬಿದ್ದದ್ದನ್ನು ಬಳಸಬಾರದು. ಒಮ್ಮೆ ಬಡಿದು ಇಳಿಸಿ ಹೊರತೆಗೆದ ಸ್ಟೆಮ್‌ನ ಲೇಪನ ಕೆರೆದುಹೋಗಿರುತ್ತದೆ, ಅದನ್ನು ಮತ್ತೆ ಹಾಕಬಾರದು. ಕಾರ್ಖಾನೆಯಿಂದ ಗಾಮಾ ಕಿರಣದಲ್ಲಿ ಶುದ್ಧವಾಗಿ ಬಂದ ಪೊಟ್ಟಣ ತೆರೆದು ಬಳಸದೆ ಉಳಿದರೆ, ಆಟೋಕ್ಲೇವ್‌ನ ಹಬೆಯಲ್ಲಿ ಶುದ್ಧಮಾಡಿ ಇನ್ನೊಬ್ಬರಿಗೆ ಎತ್ತಿಡುವುದು ಸಲ್ಲದು.

ಹಾಗಾಗಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಗೆ ಎರಡು ಕೋರಿಕೆಗಳು. ಸರ್ಕಾರಿ ಆಸ್ಪತ್ರೆಗಳ ಖರೀದಿ ಟೆಂಡರ್‌ಗಳಲ್ಲಿ ‘ಹೈಡ್ರಾಕ್ಸಿಅಪಟೈಟ್ ಲೇಪಿತ’ ಎಂದಷ್ಟೇ ಬರೆದರೆ ಏನೂ ಹೇಳಿದಂತಾಗುವುದಿಲ್ಲ. ದಪ್ಪ, ಸ್ಫಟಿಕದ ಪಾಲು, ಅಂಟಿನ ಬಲ ಮೂರನ್ನೂ ಬ್ಯಾಚ್‌ವಾರು ಪರೀಕ್ಷಾ ವರದಿಯೊಂದಿಗೆ ಕೇಳಬೇಕು. ಎರಡನೆಯದು, ಇಂಪ್ಲಾಂಟ್ ಪೊಟ್ಟಣದೊಳಗೆ ಬರುವ ಅಂಟುಚೀಟಿಯ ಒಂದು ಪ್ರತಿಯನ್ನು ರೋಗಿಯ ಡಿಸ್ಚಾರ್ಜ್ ಪತ್ರಕ್ಕೆ ಅಂಟಿಸಿಕೊಡುವುದನ್ನು ಖಾಸಗಿ ಆಸ್ಪತ್ರೆಗಳಿಗೂ ಕಡ್ಡಾಯ ಮಾಡಬೇಕು. ಅದರಲ್ಲಿ ತಯಾರಕರ ಹೆಸರು, ಮಾದರಿ, ಅಳತೆ, ಲಾಟ್ ಸಂಖ್ಯೆ (ಒಟ್ಟಿಗೆ ತಯಾರಾದ ಬ್ಯಾಚ್‌ನ ಗುರುತು) ಇರುತ್ತವೆ. ಹತ್ತು ವರ್ಷದ ಮೇಲೆ ಸೊಂಟ ನೋಯತೊಡಗಿ ಬೇರೆ ಊರಿನ ವೈದ್ಯರ ಬಳಿ ಹೋದಾಗ, ಒಳಗಿರುವುದನ್ನು ತೆಗೆಯಲು ಯಾವ ಉಪಕರಣ ತರಿಸಬೇಕು, ಆ ಲಾಟ್ ವಾಪಸ್ ಕರೆದ ಪಟ್ಟಿಯಲ್ಲಿದೆಯೇ ಎಂಬುದು ಆ ಚೀಟಿಯಿಂದ ತಿಳಿಯುತ್ತದೆ. ಚೀಟಿ ಸಿಗದವರು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಇಂದೇ ಕೇಳಿ ಪಡೆಯಲಿ.

— ಜೈವಿಕ ಸಾಮಗ್ರಿ ಎಂಜಿನಿಯರ್, ಬೆಂಗಳೂರು