ಸಿಗ್ನಲ್ ಹೋದರೂ ಹೇಳದ ಪ್ಲಾಟರ್: ಬೈತಖೋಲದಿಂದ ಒಂದು ದೂರು

ಇವರಿಂದ:
ಟ್ರಾಲರ್ ಬೋಟ್ ಮಾಲೀಕ,
ಬೈತಖೋಲ ಮೀನುಗಾರಿಕೆ ಬಂದರು, ಕಾರವಾರ

ಇವರಿಗೆ:
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ನಮಗೆ ಜಿಪಿಎಸ್ ಪ್ಲಾಟರ್ ಮಾರಿದ ಕಂಪನಿ

ದಿನಾಂಕ: 6 ಅಕ್ಟೋಬರ್ 2025

ವಿಷಯ: ನೀವು ಕೂರಿಸಿದ ಪ್ಲಾಟರ್ ರಾತ್ರಿ ಹೊತ್ತು ಸಿಗ್ನಲ್ ಕಳೆದುಕೊಳ್ಳುವುದು ಮತ್ತು ಅದನ್ನು ನಮಗೆ ತಿಳಿಸದೇ ಇರುವುದು

ಮಾನ್ಯರೇ,

ಆಗಸ್ಟ್‌ನಲ್ಲಿ ಸೀಸನ್ ಶುರುವಾಗುವ ಮೊದಲು ನಿಮ್ಮ ಕಂಪನಿಯಿಂದ ನನ್ನ ಬೋಟಿಗೆ ಪೂರ್ತಿ ಪ್ಯಾಕೇಜ್ ಹಾಕಿಸಿದೆ. ಬೋಟ್ ಎಲ್ಲಿದೆ ಅಂತ ನಕ್ಷೆಯ ಮೇಲೆ ತೋರಿಸುವ ಜಿಪಿಎಸ್ ಪ್ಲಾಟರ್, ಅದರ ಆಂಟೆನಾ, ಮಾತಾಡಲು ವಿಎಚ್‌ಎಫ್ ರೇಡಿಯೊ ಸೆಟ್, ಡೆಕ್ ನೋಡಲು ಕ್ಯಾಮೆರಾ, ಅದರ ರೆಕಾರ್ಡರ್, ಜೊತೆಗೆ ಎಲ್‌ಇಡಿ ಫ್ಲಡ್‌ಲೈಟ್. ಎಲ್ಲವನ್ನೂ ಕೂರಿಸಿದ್ದು, ವೈರ್ ಎಳೆದದ್ದು ನಿಮ್ಮ ಟೆಕ್ನಿಷಿಯನ್. ಆಮೇಲೆ ನಾವು ಯಾರೂ ಒಂದು ಸ್ಕ್ರೂ ಕೂಡ ತಿರುಗಿಸಿಲ್ಲ. ಇದನ್ನು ಮೊದಲೇ ಹೇಳುತ್ತೇನೆ. ಯಾಕೆಂದರೆ ಫೋನ್ ಮಾಡಿದಾಗಲೆಲ್ಲ ನಿಮ್ಮವರು ಕೇಳುವ ಮೊದಲ ಪ್ರಶ್ನೆ ಅದೇ.

ಸಿಗ್ನಲ್ ಹೋಗುತ್ತದೆ ಅನ್ನುವುದು ನನ್ನ ದೂರಿನ ಅರ್ಧ ಭಾಗ ಮಾತ್ರ. ಸಿಗ್ನಲ್ ಹೋದ ಮೇಲೂ ನಿಮ್ಮ ಪ್ಲಾಟರ್ ಏನೂ ಆಗದ ಹಾಗೆ ಬೋಟಿನ ಗುರುತನ್ನು ನಕ್ಷೆಯ ಮೇಲೆ ಓಡಿಸುತ್ತಲೇ ಇರುತ್ತದೆ. ಪ್ರಾಣಕ್ಕೆ ಬರುವ ವಿಷಯ ಅದು.

ಸೆಪ್ಟೆಂಬರ್‌ನಲ್ಲಿ ಆದದ್ದು ಹೇಳುತ್ತೇನೆ. ರಾತ್ರಿ, ಜೋರು ಮಳೆ. ಬೋಟ್ ದೇವಗಡ ಲೈಟ್‌ಹೌಸ್ ಕಡೆಯಿಂದ ಬಂದರಿಗೆ ವಾಪಸ್ ಬರುತ್ತಿತ್ತು. ಮೀನು ಆರಿಸುವ ಕೆಲಸ ನಡೆದಿತ್ತು, ಹಾಗಾಗಿ ಡೆಕ್ ಲೈಟ್, ಕ್ಯಾಮೆರಾ ಎಲ್ಲ ಆನ್ ಇದ್ದವು. ಪ್ಲಾಟರ್‌ನಲ್ಲಿ ಬೋಟ್ ಎಂದಿನ ದಾರಿಯಲ್ಲೇ ಇತ್ತು. ವೇಗ 6 ನಾಟ್ ಅಂತ ತೋರಿಸುತ್ತಿತ್ತು. ಅಷ್ಟರಲ್ಲಿ ಮೀನು ಮತ್ತು ನೀರಿನ ಆಳ ತೋರಿಸುವ ಫಿಶ್‌ಫೈಂಡರ್‌ನಲ್ಲಿ ಆಳ ಕಡಿಮೆಯಾಗಲು ಶುರುವಾಯಿತು. 8 ಮಾರು ಇರಬೇಕಾದ ಕಡೆ 5, ಆಮೇಲೆ 4. ಬೋಟ್ ನಡೆಸುವ ನಮ್ಮ ತಾಂಡೇಲರು ತಕ್ಷಣ ಎಂಜಿನ್ ನ್ಯೂಟ್ರಲ್‌ಗೆ ತಂದು, ಕ್ಯಾಬಿನ್‌ನಿಂದ ಹೊರಗೆ ಬಂದು ಲೈಟ್‌ಹೌಸ್ ಹುಡುಕಿದರು. ಬೆಳಕು ಕಾಣಬೇಕಾದ ಕಡೆ ಕಾಣಲಿಲ್ಲ. ಗಾಳಿ ಮತ್ತು ನೀರಿನ ಸೆಳೆತಕ್ಕೆ ಬೋಟ್ ಕೂರ್ಮಗಡದ ಬಂಡೆಗಳ ಕಡೆ ಸರಿದು ಹೋಗಿತ್ತು. ಸ್ಕ್ರೀನ್ ಮೇಲೆ ಮಾತ್ರ ಎಲ್ಲವೂ ಸರಿಯಾಗಿತ್ತು. ಒಂದು ಬೀಪ್ ಇಲ್ಲ, ಒಂದು ಕೆಂಪು ಗುರುತಿಲ್ಲ. ಮೈಮೇಲೆ ಮಳೆ ಸುರಿಯುತ್ತಿದ್ದರೂ ಹೊರಗೆ ಬಂದು ನೋಡಿದ ತಾಂಡೇಲರಿಂದ ಆ ರಾತ್ರಿ ಎಂಟು ಜನ ಮನೆಗೆ ಬಂದರು.

ಮಾರನೇ ದಿನ ಪ್ಲಾಟರ್‌ನಲ್ಲಿ ಆ ರಾತ್ರಿಯ ಟ್ರ್ಯಾಕ್ ತೆಗೆದು ನೋಡಿದೆ. ಬೋಟ್ ನೀರಿನ ಮೇಲೆ ಹೋದರೆ ಗೆರೆ ಸ್ವಲ್ಪ ಆಚೆ ಈಚೆ ಆಗಿಯೇ ಆಗುತ್ತದೆ. ಸುಕಾಣಿ ಹಿಡಿದವರ ಕೈ ಆ ಗೆರೆಯಲ್ಲಿ ಗೊತ್ತಾಗುತ್ತದೆ. ದೇವಗಡ ದಾಟುವವರೆಗೆ ಹಾಗೇ ಇತ್ತು. ಅಲ್ಲಿಂದ ಮುಂದೆ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಗೆರೆ. ಆ ಗೆರೆಯ ಕೊನೆಯಿಂದ ಒಂದೇ ಜಿಗಿತಕ್ಕೆ ಗುರುತು ಬೋಟ್ ನಿಜವಾಗಿ ಇದ್ದ ಜಾಗಕ್ಕೆ ಬಂದು ಬಿದ್ದಿದೆ. ಅಂದರೆ ಆ ನೇರ ಗೆರೆ ಪೂರ್ತಿ ಅಂದಾಜು. ಕೊನೆಗೆ ಸಿಕ್ಕ ವೇಗ, ಕೊನೆಗೆ ಸಿಕ್ಕ ದಿಕ್ಕು ಇಟ್ಟುಕೊಂಡು ಯಂತ್ರ ತಾನೇ ಲೆಕ್ಕ ಹಾಕಿ ಬರೆದದ್ದು. ಅಂದಾಜು ಮಾಡಲಿ, ಬೇಡ ಅನ್ನುವುದಿಲ್ಲ. ಆದರೆ ಇದು ಅಂದಾಜು ಅಂತ ಹೇಳಬೇಕಲ್ವಾ?

ನಿಮ್ಮ ಟೆಕ್ನಿಷಿಯನ್‌ಗೆ ಇದನ್ನು ತೋರಿಸಿದಾಗ ಒಂದು ಮಾತು ಹೇಳಿದರು. ಸಿಗ್ನಲ್ ಹೋದರೆ ಕೂಗುವ ಅಲಾರಂ ಮೆನುವಿನಲ್ಲಿ ಇದೆಯಂತೆ. ಅದನ್ನು ಕಂಪನಿಯಲ್ಲೇ ಆಫ್ ಮಾಡಿ ಕಳಿಸುತ್ತಾರಂತೆ, ಬೀಪ್ ಜಾಸ್ತಿ ಬಂದರೆ ಗಿರಾಕಿಗಳು ದೂರು ಕೊಡುತ್ತಾರೆ ಅಂತ. ಈ ಮಾತು ಕೇಳಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ದೊಡ್ಡ ಹಡಗುಗಳ ಜಿಪಿಎಸ್‌ಗೆ ಅಂತರರಾಷ್ಟ್ರೀಯ ಕಡಲ ಸಂಸ್ಥೆ 2000ನೇ ಇಸವಿಯಲ್ಲೇ ನಿಯಮ ಮಾಡಿದೆ. ಸ್ಥಾನ ಸಿಗದೇ ಹೋದರೆ 5 ಸೆಕೆಂಡಿನೊಳಗೆ ಎಚ್ಚರಿಸಬೇಕು. ಹಳೆಯ ಸ್ಥಾನ ತೋರಿಸುವುದಾದರೆ ಅದು ಹಳೆಯದು, ಇಷ್ಟು ಹೊತ್ತಿಗೆ ಸಿಕ್ಕದ್ದು ಅಂತ ಯಾರಿಗೂ ಅನುಮಾನ ಬಾರದ ಹಾಗೆ ತೋರಿಸಬೇಕು. ನಮ್ಮಂಥ ಸಣ್ಣ ಬೋಟಿಗೆ ಆ ನಿಯಮ ಅನ್ವಯ ಆಗುವುದಿಲ್ಲ ಅಂತ ನೀವು ಹೇಳಬಹುದು. ಸಣ್ಣ ಬೋಟಿನಲ್ಲಿ ಇರುವವರೂ ಮನುಷ್ಯರೇ.

ಇನ್ನು ಸಿಗ್ನಲ್ ಯಾಕೆ ಹೋಗುತ್ತದೆ ಅನ್ನುವ ವಿಷಯ. ನಿಮ್ಮ ಕಾಲ್ ಸೆಂಟರ್‌ನವರು ಬೇರೆ ಬೇರೆ ಸಲ ಬೇರೆ ಬೇರೆ ಕಾರಣ ಕೊಟ್ಟರು. ಒಬ್ಬರು, ಸ್ಯಾಟಲೈಟ್ ಪ್ರಾಬ್ಲಂ, ನಾವೇನು ಮಾಡಲು ಆಗುತ್ತದೆ ಅಂದರು. ಇನ್ನೊಬ್ಬರು, ಕಾರವಾರದಲ್ಲಿ ನೇವಿ ಬೇಸ್ ಇದೆ, ಅವರು ಜಾಮ್ ಮಾಡುತ್ತಿರಬಹುದು ಅಂದರು. ಮತ್ತೊಬ್ಬರು ಸೂರ್ಯನ ಬಿರುಗಾಳಿ ಅಂದರು. ನಾನು ಕಡಲಿನವನು, ಎಂಜಿನಿಯರ್ ಅಲ್ಲ. ಆದರೆ ನನ್ನ ಅಕ್ಕನ ಮಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವನು. ಅವನು ಒಂದು ಸಂಜೆ ಜೆಟ್ಟಿಗೆ ಬಂದು, ಬೋಟ್ ಕಟ್ಟಿದ ಜಾಗದಲ್ಲೇ ಪರೀಕ್ಷೆ ಮಾಡಿದ.

ಪ್ಲಾಟರ್‌ನಲ್ಲಿ ಸ್ಯಾಟಲೈಟ್ ಪೇಜ್ ಇದೆ. ಒಂದೊಂದು ಉಪಗ್ರಹಕ್ಕೂ ಒಂದೊಂದು ಕಂಬ, ಕಂಬದ ಕೆಳಗೆ ಸಿಗ್ನಲ್ ಎಷ್ಟು ಗಟ್ಟಿ ಅಂತ ಹೇಳುವ ಒಂದು ಸಂಖ್ಯೆ. ಮೇಲೆ ಬಯಲು ಆಕಾಶ ಇದ್ದರೆ ಅದು 40ರ ಮೇಲೆ ಇರಬೇಕು. 30ರ ಕೆಳಗೆ ಇಳಿದರೆ ನಂಬುವ ಹಾಗಿಲ್ಲ. ಅವನು ಮೊದಲು ಬೋಟಿನ ಎಲ್ಲ ಸ್ವಿಚ್ ಆಫ್ ಮಾಡಿ ಪ್ಲಾಟರ್ ಒಂದನ್ನೇ ಬಿಟ್ಟ. ಕಂಬಗಳೆಲ್ಲ ಎದ್ದು ನಿಂತವು, 42, 43, 45. ಆಮೇಲೆ ಒಂದೊಂದಾಗಿ ಸ್ವಿಚ್ ಹಾಕುತ್ತಾ ಬಂದ. ಬೋಟಿನ ತಳದ ನೀರು ಹೊರಹಾಕುವ ಬಿಲ್ಜ್ ಪಂಪ್, ಏನೂ ಆಗಲಿಲ್ಲ. ಫಿಶ್‌ಫೈಂಡರ್, ಏನೂ ಆಗಲಿಲ್ಲ. ಮೊಬೈಲ್ ಚಾರ್ಜರ್ ಹಾಕಿದಾಗ ಒಂದೆರಡು ಇಳಿಯಿತು ಅಷ್ಟೇ. ಕ್ಯಾಮೆರಾ ಮತ್ತು ರೆಕಾರ್ಡರ್ ಆನ್ ಮಾಡಿದ ತಕ್ಷಣ ಎಲ್ಲ ಕಂಬಗಳೂ ಒಟ್ಟಿಗೆ ಕುಸಿದವು. 43 ಇದ್ದದ್ದು 28. ಕೆಲವು ಮಾಯವೇ ಆದವು. ಫ್ಯೂಸ್ ಕಿತ್ತರೆ ಮತ್ತೆ ಎದ್ದವು, ಹಾಕಿದರೆ ಮತ್ತೆ ಬಿದ್ದವು. ನಾನೇ ಕೈಯಾರೆ ಕಿತ್ತು ಹಾಕಿ ನೋಡಿದೆ. ಪ್ರತಿ ಸಲ ಹಾಗೇ. ಈ ಸಂಖ್ಯೆ ಡೆಸಿಬೆಲ್ ಲೆಕ್ಕದ್ದು. ಅವನು ಹೇಳಿದಂತೆ ಅದು 15 ಇಳಿದರೆ, ಗದ್ದಲದ (ಬೇಡದ ರೇಡಿಯೊ ಅಲೆಗಳ) ಮುಂದೆ ಸಿಗ್ನಲ್ ಸುಮಾರು 30 ಪಟ್ಟು ದುರ್ಬಲ ಆದ ಹಾಗೆ.

ಇದು ಆಶ್ಚರ್ಯದ ಸಂಗತಿಯೂ ಅಲ್ಲ. ಜಿಪಿಎಸ್ ಉಪಗ್ರಹ ಇರುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ಅದು ಕಳಿಸುವುದು ಮನೆಯ ಹಳೇ ಬಲ್ಬಿನಷ್ಟು, ಕೆಲವೇ ಹತ್ತು ವ್ಯಾಟ್. ಕೆಳಗೆ ಬರುವ ಹೊತ್ತಿಗೆ ಅದು ರಿಸೀವರ್‌ನ ಒಳಗಿನ ಗದ್ದಲಕ್ಕಿಂತಲೂ ಕೆಳಗಿರುತ್ತದೆ. ಮೊದಲೇ ಗೊತ್ತಿರುವ ಕೋಡ್ ಜೊತೆ ತಾಳೆ ಹಾಕಿ ಅದನ್ನು ಹೆಕ್ಕಿ ತೆಗೆಯಬೇಕು. ಅಷ್ಟು ಸಣ್ಣ ಸಿಗ್ನಲ್ ಹಿಡಿಯುವ ಆಂಟೆನಾವನ್ನು ನಿಮ್ಮವರು ಕೂರಿಸಿದ್ದು ಎಲ್ಲಿ? ಕ್ಯಾಬಿನ್ ಮಾಡಿನ ಮೇಲೆ, ಕ್ಯಾಮೆರಾ ಇರುವ ಅದೇ ಪೈಪಿಗೆ, ಒಂದು ಗೇಣು ದೂರದಲ್ಲಿ. ಎರಡರ ಕೇಬಲ್‌ಗೂ ಒಂದೇ ಟ್ಯಾಗ್ ಕಟ್ಟಿ ಒಂದೇ ತೂತಿನಿಂದ ಒಳಗೆ ಬಿಟ್ಟಿದ್ದಾರೆ. ಗದ್ದಲ ಹೊರಗೆ ಬಾರದ ಹಾಗೆ ತಡೆಯುವ ಲೋಹದ ಹೊದಿಕೆ, ಅಂದರೆ ಶೀಲ್ಡ್, ಸರಿ ಇಲ್ಲದ ಕ್ಯಾಮೆರಾದ ಒಳಗಿನ ಡಿಜಿಟಲ್ ಸರ್ಕ್ಯೂಟ್ ಜಿಪಿಎಸ್ ಸಿಗ್ನಲ್ ಬರುವ 1575.42 ಮೆಗಾಹರ್ಟ್ಜ್ ಹತ್ತಿರವೂ ಗದ್ದಲ ಸೂಸುತ್ತದೆ. ಕಾರಿಗೆ ಅಗ್ಗದ ಡ್ಯಾಶ್‌ಕ್ಯಾಮ್ ಹಾಕಿಸಿ ಜಿಪಿಎಸ್ ಕೆಡಿಸಿಕೊಂಡವರು ಎಷ್ಟೋ ಜನ ಇದ್ದಾರೆ. 2001ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್ ಬಂದರಿನಲ್ಲಿ ಬೋಟುಗಳ ಮೇಲಿನ ಟಿವಿ ಆಂಟೆನಾದ ಬೂಸ್ಟರ್‌ಗಳು ಸೇರಿ ಬಂದರಿನ ಜಿಪಿಎಸ್ಸನ್ನೇ ಕೆಡಿಸಿದ್ದವು. ಈ ವ್ಯಾಪಾರದಲ್ಲಿ ಇರುವ ನಿಮಗೆ ಇದು ಗೊತ್ತಿರಬೇಕು.

ಈಗ ನಿಮ್ಮವರ ಕಾರಣಗಳಿಗೆ ಬರೋಣ. ನೇವಿ ಜಾಮ್ ಮಾಡಿದ್ದರೆ ನನ್ನ ಬೋಟಿಗೆ ತಾಗಿ ಕಟ್ಟಿದ ಪಕ್ಕದ ಬೋಟಿನ ಜಿಪಿಎಸ್ ಕೂಡ ಹೋಗಬೇಕಿತ್ತು. ಅದು ಸರಿಯಾಗಿಯೇ ಇತ್ತು. ನೇವಿಯವರ ಹೆಸರು ಹೇಳಿ ನಿಮ್ಮ ವೈರಿಂಗ್ ಮುಚ್ಚಿಡಬೇಡಿ. ಸೂರ್ಯನ ಮಾತು ಪೂರ್ತಿ ಸುಳ್ಳಲ್ಲ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯಲ್ಲಿ ಹಾದು ಹೋಗುತ್ತದೆ. ಹಾಗಾಗಿ ನಮ್ಮ ಕಡೆ ಸೂರ್ಯ ಮುಳುಗಿದ ಮೇಲೆ ಮಧ್ಯರಾತ್ರಿಯವರೆಗೆ ಅಯಾನುಗೋಳ (ವಾತಾವರಣದ ಮೇಲಿನ, ವಿದ್ಯುತ್ ಕಣಗಳ ಪದರ) ಕಲಕಿ, ಸಿಗ್ನಲ್ ಮಿಣುಕುವುದು ಉಂಟು. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ಇದು ಜಾಸ್ತಿ. ಆದರೆ ಅದು ಬಂದರೆ ಬಂದರಿನ ಎಲ್ಲ ಬೋಟಿಗೂ ಬರಬೇಕು. ನನ್ನ ಕ್ಯಾಮೆರಾದ ಫ್ಯೂಸ್ ಕಿತ್ತ ಕ್ಷಣ ಅಯಾನುಗೋಳ ಸರಿ ಹೋಗುವುದಿಲ್ಲ.

ಅದೇ ಸಂಜೆ ಇನ್ನೊಂದೂ ಸಿಕ್ಕಿತು. ವಿಎಚ್‌ಎಫ್ ಸೆಟ್ಟಿನಲ್ಲಿ ಸದ್ದಿಲ್ಲದ ಒಂದು ಚಾನೆಲ್ ಹಿಡಿದು, ಗೊರಗೊರ ನಿಲ್ಲುವಲ್ಲಿಗೆ ಸ್ಕ್ವೆಲ್ಚ್ (ಗೊರಗೊರ ತಡೆಯುವ ಗುಂಡಿ) ತಿರುಗಿಸಿ ಇಟ್ಟು, ಫ್ಲಡ್‌ಲೈಟ್ ಹಾಕಿದೆವು. ಗೊರಗೊರ ಶುರು. ಆಫ್ ಮಾಡಿದರೆ ನಿಂತಿತು. ಅಮೆರಿಕದ ಕೋಸ್ಟ್‌ಗಾರ್ಡ್ 2018ರಲ್ಲೇ ಎಲ್‌ಇಡಿ ಲೈಟ್ ವಿಎಚ್‌ಎಫ್ ಕೆಡಿಸುತ್ತದೆ ಅಂತ ಎಚ್ಚರಿಕೆ ಕೊಟ್ಟು, ಇದೇ ಪರೀಕ್ಷೆ ಹೇಳಿಕೊಟ್ಟಿದೆ. ಈ ಲೈಟ್ ನಾವು ಹಾಕಿಸಿದ್ದು ಡೆಕ್ ಮೇಲೆ ಬಲೆ ಬಿಡಿಸಲು, ಮೀನು ಆರಿಸಲು. ಬೆಳಕು ಬಿಟ್ಟು ಮೀನು ಸೆಳೆದು ಹಿಡಿಯುವ ಲೈಟ್ ಫಿಶಿಂಗ್‌ಗೆ ಅಲ್ಲ, ಅದಕ್ಕೆ ನಿಷೇಧ ಇದೆ, ನಾವು ಮಾಡುವುದೂ ಇಲ್ಲ. ಅಪಾಯದ ಕರೆಗೆ ಇರುವ 16ನೇ ಚಾನೆಲ್‌ನಲ್ಲಿ ದೂರದ ಯಾವುದೋ ಬೋಟ್ ಸಹಾಯಕ್ಕೆ ಕೂಗಿದರೆ ನಮಗೆ ಕೇಳಿಸದೇ ಹೋಗಬಹುದು ಅಂತ ನೆನೆದರೆ ಮೈ ನಡುಗುತ್ತದೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟಿನ 7 ಜನ ತಿರುಗಿ ಬರಲಿಲ್ಲ. ಅದರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಆ ಬೋಟಿಗೆ ಆದದ್ದಕ್ಕೂ ನಿಮ್ಮ ಯಂತ್ರಕ್ಕೂ ಸಂಬಂಧ ಇಲ್ಲ. ಆದರೆ ಈ ಕರಾವಳಿಯಲ್ಲಿ ಒಂದು ಬೋಟ್ ಎಲ್ಲಿದೆ ಅಂತ ಗೊತ್ತಾಗದೇ ಹೋದರೆ ದಡದಲ್ಲಿ ಇರುವವರು ಏನು ಪಾಡು ಪಡುತ್ತಾರೆ ಅಂತ ನಾವು ತಿಂಗಳುಗಟ್ಟಲೆ ಕಂಡಿದ್ದೇವೆ.

ದುಡಿಮೆಯ ನಷ್ಟವೂ ಇದೆ. ನೀರಿನ ಕೆಳಗೆ ಎಲ್ಲೆಲ್ಲಿ ಕಲ್ಲಿದೆ, ಎಲ್ಲಿ ಬಲೆ ಸಿಕ್ಕಿಕೊಳ್ಳುತ್ತದೆ ಅನ್ನುವ ಪಾಯಿಂಟ್‌ಗಳು ತಾಂಡೇಲರಿಂದ ತಾಂಡೇಲರಿಗೆ ಬಂದ ಆಸ್ತಿ. ಟ್ರಾಲ್ ಎಳೆಯುವಾಗ ಅವುಗಳ ಬದಿಯಿಂದ ಹುಷಾರಾಗಿ ಹೋಗಬೇಕು. ಈ ಸೀಸನ್‌ನಲ್ಲಿ, ಗೊತ್ತಿದ್ದ ಕಲ್ಲಿಗೇ ಬಲೆ ಕೊಟ್ಟು ಹರಿದುಕೊಂಡೆವು. ಪ್ಲಾಟರ್‌ನಲ್ಲಿ ಆ ಕಲ್ಲು ಇನ್ನೂ ದೂರ ಇತ್ತು. ಮೇಲಾಗಿ ಮಾಜಾಳಿ ದಾಟಿದರೆ ಗೋವಾ. ಅಲ್ಲಿಯ ನೀರಿಗೆ ನುಗ್ಗಿದಿರಿ ಅಂತ ಯಾರಾದರೂ ಹಿಡಿದರೆ ನಾವು ತೋರಿಸಬೇಕಾದದ್ದು ಇದೇ ಟ್ರ್ಯಾಕ್. ಯಂತ್ರ ತಾನೇ ಕಲ್ಪಿಸಿ ಬರೆದ ಗೆರೆಯನ್ನು ಯಾವ ಮುಖ ಇಟ್ಟುಕೊಂಡು ತೋರಿಸುವುದು?

ಡಬ್ಬಿಯ ಮೇಲೆ ನಾವಿಕ್ (ಜಿಪಿಎಸ್‌ನಂಥದ್ದೇ ಭಾರತದ ವ್ಯವಸ್ಥೆ) ಸಪೋರ್ಟ್ ಅಂತ ದೊಡ್ಡದಾಗಿ ಬರೆದಿದ್ದೀರಿ. ನಮ್ಮ ಇಸ್ರೋದ್ದು ಅಂತ ನಾನು ಅಭಿಮಾನದಿಂದಲೇ ತೆಗೆದುಕೊಂಡೆ. ಆದರೆ ನಿಮ್ಮ ಯಂತ್ರ ಹಿಡಿಯುವುದು ಎಲ್1, ಅಂದರೆ ಮೇಲೆ ಹೇಳಿದ 1575.42ರ ಬ್ಯಾಂಡ್ ಒಂದನ್ನೇ, ಕೈಪಿಡಿಯಲ್ಲೇ ಹಾಗೆ ಇದೆ. ನಾವಿಕ್‌ನ ಮೊದಲ ಉಪಗ್ರಹಗಳು ಕಳಿಸುವುದು ಬೇರೆ ಬ್ಯಾಂಡ್‌ಗಳಾದ ಎಲ್5 ಮತ್ತು ಎಸ್‌ನಲ್ಲಿ. ಎಲ್1 ಬಂದದ್ದೇ 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಿಂದ. ಸ್ಥಾನ ಲೆಕ್ಕ ಹಾಕಲು ಕನಿಷ್ಠ ನಾಲ್ಕು ಉಪಗ್ರಹ ಬೇಕು. ಹಾಗಾದರೆ ಜಿಪಿಎಸ್ ಹೋದರೆ ನಾವಿಕ್ ಕೈಹಿಡಿಯುತ್ತದೆ ಅಂತ ನಿಮ್ಮ ಸೇಲ್ಸ್‌ನವರು ಹೇಳಿದ್ದು ಯಾವ ಆಧಾರದ ಮೇಲೆ? ಇದಕ್ಕೆ ಬರಹದಲ್ಲಿ ಉತ್ತರ ಕೊಡಿ.

ನನಗೆ ಬೇಕಾದದ್ದು ಇಷ್ಟು. ಸಿಗ್ನಲ್ ಹೋದಾಗ ಜೋರಾಗಿ ಕೂಗುವ, ಅಂದಾಜಿನ ಸ್ಥಾನವನ್ನು ಬೇರೆ ಬಣ್ಣದಲ್ಲಿ ತೋರಿಸುವ ಸಾಫ್ಟ್‌ವೇರ್ ಹಾಕಿಕೊಡಬೇಕು. ಅದು ನನಗೊಬ್ಬನಿಗೆ ಸಾಲದು. ಈ ಬಂದರಿನಲ್ಲಿ ನಿಮ್ಮದೇ ಪ್ಲಾಟರ್ ಇರುವ ಬೋಟುಗಳು ಇನ್ನೂ ಇವೆ. ಅವರೆಲ್ಲರ ಅಲಾರಂ ಆಫ್ ಇದೆ ಅಂತ ನೀವೇ ಫೋನ್ ಮಾಡಿ ಹೇಳಬೇಕು, ಅದು ಈ ವಾರವೇ ಆಗಬೇಕು. ನನ್ನ ಬೋಟಿನ ಕ್ಯಾಮೆರಾ ಮತ್ತು ರೆಕಾರ್ಡರ್ ಬದಲಿಸಿ, ಶೀಲ್ಡ್ ಸರಿಯಾಗಿ ಇರುವುದನ್ನು ಕೊಡಬೇಕು. ಆಂಟೆನಾವನ್ನು ಅದರಿಂದ ದೂರ, ಸುತ್ತ ಏನೂ ಅಡ್ಡ ಇಲ್ಲದ ಕಡೆ ಬೇರೆ ಪೈಪಿಗೆ ಏರಿಸಿ, ಕೇಬಲ್ ಬೇರೆ ದಾರಿಯಲ್ಲಿ ತರಬೇಕು. ಫ್ಲಡ್‌ಲೈಟ್ ಕೂಡ ಬದಲಾಗಬೇಕು. ಹರಿದ ಬಲೆಯ ಬಿಲ್ ಇದರೊಂದಿಗೆ ಇಟ್ಟಿದ್ದೇನೆ, ಅದನ್ನು ತುಂಬಿಕೊಡಿ. ಸ್ಯಾಟಲೈಟ್ ಪೇಜಿನ ಫೋಟೋಗಳು, ಫ್ಯೂಸ್ ಕಿತ್ತು ಹಾಕಿದ ವಿಡಿಯೋ, ಆ ರಾತ್ರಿಯ ಟ್ರ್ಯಾಕ್ ಎಲ್ಲ ಪೆನ್‌ಡ್ರೈವ್‌ನಲ್ಲಿ ಇವೆ.

ಟೆಕ್ನಿಷಿಯನ್ ಅವರನ್ನು ಕಳಿಸುವಾಗ ದಯವಿಟ್ಟು ಕತ್ತಲಾದ ಮೇಲೆ ಕಳಿಸಿ. ಹಗಲು ಎಲ್ಲ ಆಫ್ ಇರುವಾಗ ಬಂದು, ಸರಿಯಾಗಿದೆ ಅಂತ ಸಹಿ ಹಾಕಿಸಿಕೊಂಡು ಹೋದರೆ ನಾನು ಒಪ್ಪುವುದಿಲ್ಲ. ಲೈಟ್, ಕ್ಯಾಮೆರಾ, ವಿಎಚ್‌ಎಫ್ ಎಲ್ಲ ಆನ್ ಇಟ್ಟು, ತಾಂಡೇಲರ ಎದುರಿಗೆ ಕಂಬಗಳ ಸಂಖ್ಯೆ ಬರೆದುಕೊಳ್ಳಬೇಕು.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕಾರವಾರದಲ್ಲೇ ಇರುವ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಪತ್ರದ ಒಂದು ಪ್ರತಿಯನ್ನು ನಮ್ಮ ಬೋಟ್ ಮಾಲೀಕರಿಗೆಲ್ಲ ಓದಲು ಕೊಟ್ಟಿದ್ದೇನೆ.

ಇಂತಿ ನಿಮ್ಮ ಗ್ರಾಹಕ,
ಟ್ರಾಲರ್ ಬೋಟ್ ಮಾಲೀಕ, ಬೈತಖೋಲ